ಗಾಲಿಯಿಲ್ಲದ ಸ್ಕೂಟರ್

ಸ್ಕೂಟರ್ ರಿಪೇರಿ ಮಾಡಿಕೊಡುತ್ತೇನೆಂದು ಎದೆ ತಟ್ಟಿಕೊಂಡು ಹೋದವಳು ನಾನು. ಶೆಡ್ಡಿನಲ್ಲಿ ತಾಡಪತ್ರಿ ಎಳೆದು ನೋಡಿದರೆ ಅದಕ್ಕೆ ಗಾಲಿಯೇ ಇಲ್ಲ! ಮುಂದೆ ಎರಡು ಜಾರುಪಟ್ಟಿ, ಹೊಟ್ಟೆಯಡಿ ಅಗಲವಾದ ರಬ್ಬರ್ ಪಟ್ಟಾ. ಹೊರಗೆ ಮೊಣಕಾಲೆತ್ತರ ಹಿಮ. ಅಯ್ಯ ಶಿವನೇ, ಸಿಕ್ಕಿಬಿದ್ದೆ ಅಂದುಕೊಂಡೆ.

ಸ್ವೀಡನ್ನಿನ ಉತ್ತರದ ಈ ಊರಿಗೆ ವೃದ್ಧರ ಆರೈಕೆಯ ಕೆಲಸಕ್ಕೆ ಬಂದು ನಾಲ್ಕೇ ತಿಂಗಳಾಗಿತ್ತು. ನಮ್ಮ ಹಿರೇಕೆರೂರಿನಲ್ಲಿ ಬಸ್ಸು ಹತ್ತಿದರೆ ಪಕ್ಕದವರು ಊರು, ಹೆಸರು, ಮಕ್ಕಳೆಷ್ಟು ಎಲ್ಲ ಕೇಳಿ, ಹಾವೇರಿ ಮುಟ್ಟುವಷ್ಟರಲ್ಲಿ ಬೀಗರಾಗಿರುತ್ತಾರೆ. ಇಲ್ಲಿ ಪಕ್ಕದ ಮನೆಯ ಇಂಗ್ರಿಡ್, ಎಪ್ಪತ್ತು ದಾಟಿದವರು, ನಾಲ್ಕು ತಿಂಗಳು ಬರೀ ತಲೆಯಾಡಿಸಿದ್ದರು. ಅಂಥವರು ಒಂದು ದಿನ ತಾವಾಗಿಯೇ ನಿಂತು, ತಮ್ಮ ‘ಸ್ಕೂತೆರ್’ ಐದು ವರ್ಷದಿಂದ ಮೂಲೆಗೆ ಬಿದ್ದಿದೆ, ಶನಿವಾರ ಮಗ ಅದನ್ನು ಗುಜರಿಗೆ ಹಾಕುತ್ತಾನೆ ಎಂದರು. ಕೆರೆಯಾಚೆ ಅವರದೊಂದು ಮೀನು ಹಿಡಿಯುವ ಗುಡಿಸಲಿದೆ. ಅಲ್ಲಿಗೆ ಹೋಗಲು ಅವರಿಗೆ ಬೇರೆ ದಾರಿಯಿರಲಿಲ್ಲ. ಸ್ಕೂಟರ್ ತಾನೆ, ನಾನು ಮಾಡುತ್ತೇನೆ ಎಂದುಬಿಟ್ಟೆ. ಇಲ್ಲಿ ಸ್ಕೂತೆರ್ ಎಂದರೆ ಹಿಮದ ಮೇಲೆ ಓಡುವ ಗಾಡಿ ಎಂದು ನನಗೇನು ಕನಸು ಬಿದ್ದಿತ್ತೆ?

ಎದೆ ತಟ್ಟಿಕೊಳ್ಳಲು ಕಾರಣವಿತ್ತು. ಹಿರೇಕೆರೂರಿನಲ್ಲಿ ಅಪ್ಪನದು ಸ್ಕೂಟರ್, ಪಂಪು ರಿಪೇರಿಯ ಅಂಗಡಿ. ಪಿಯುಸಿ ಮುಗಿಯುವಷ್ಟರಲ್ಲಿ ನಾನು ಕಾರ್ಬೊರೇಟರನ್ನು ಕಣ್ಣು ಮುಚ್ಚಿ ಬಿಚ್ಚುತ್ತಿದ್ದೆ. ಆದರೆ ಪರದೆಯ ಹಿಂದೆ ಕೂತು. “ಹೆಣ್ಹುಡುಗಿ ಇಂಜಿನ್ ಬಿಚ್ಯಾಳ ಅಂದ್ರ ಗಿರಾಕಿ ಹೊಳ್ಳಿ ಬರೂದಿಲ್ಲವಾ” ಎನ್ನುತ್ತಿದ್ದ ಅಪ್ಪ. ನಾನು ಸರಿಮಾಡಿದ ಗಾಡಿಯನ್ನು ಅವನು ಹೊರಗೆ ಒದ್ದು ಸ್ಟಾರ್ಟ್ ಮಾಡುತ್ತಿದ್ದ. “ಭಾರಿ ಕೈ ಬಿಡ್ರಿ ನಿಮ್ದು” ಎಂದು ಗಿರಾಕಿ ಹೊಗಳಿದರೆ ಸುಮ್ಮನೆ ಕೈ ಒರೆಸಿಕೊಳ್ಳುತ್ತಿದ್ದ. ಒಳಗೆ ಕೂತ ನನಗೆ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ.

ಇಂಗ್ರಿಡ್ ಕುರ್ಚಿ ಹಾಕಿಕೊಂಡು ಎದುರಿಗೇ ಕುಳಿತರು. ಇಲ್ಲಿ ಪರದೆಯಿರಲಿಲ್ಲ. ಮೇಲಿನ ಮುಚ್ಚಳ ಎತ್ತಿದೆ. ಗಾಲಿ ಇಲ್ಲದಿದ್ದರೇನು, ಒಳಗಿರುವುದು ಟೂ-ಸ್ಟ್ರೋಕ್ ಇಂಜಿನ್ನೇ! ತಿಳವಳ್ಳಿಯ ರೈತರು ಗೋವಿನಜೋಳಕ್ಕೆ ಔಷಧ ಹೊಡೆದು, ವರ್ಷವಿಡೀ ಮೂಲೆಗೆಸೆದು, ಆಮೇಲೆ ನಮ್ಮಲ್ಲಿಗೆ ತರುತ್ತಿದ್ದ ಪಂಪಿನ ಅಣ್ಣ ಇದು. ರೋಗವೂ ಅದೇ. ಹಳೇ ಪೆಟ್ರೋಲು ಬೆಲ್ಲದ ಪಾಕದಂತೆ ಅಂಟಾಗಿ ಕಾರ್ಬೊರೇಟರಿನ ಜೆಟ್ಟುಗಳ ಸಣ್ಣ ತೂತು ಮುಚ್ಚಿಬಿಟ್ಟಿತ್ತು. ಟ್ಯಾಂಕ್ ಬರಿದು ಮಾಡಿದೆ, ಗಾಳಿಯ ಡಬ್ಬಿಯಿಂದ ಇಲಿಗೂಡು ಕಿತ್ತೆ, ಜೆಟ್ಟು ತೊಳೆದೆ, ಪ್ಲಗ್ ಬದಲಿಸಿದೆ, ಹೊಸ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿದೆ. ಶುಕ್ರವಾರ ಮಧ್ಯಾಹ್ನ ಹಗ್ಗ ಎಳೆದೆ. ಮೂರನೇ ಎಳೆತಕ್ಕೆ ಎದ್ದಿತು. ರೇಸ್ ಕೊಟ್ಟರೆ ಕೆಮ್ಮಿ ಸತ್ತಿತು. ಮತ್ತೆ ಎಳೆದೆ, ಮತ್ತೆ ಸತ್ತಿತು. ನಾಳೆಯೇ ಶನಿವಾರ.

ಬಿಗುಮಾನ ಬಿಟ್ಟು ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ.

“ಏನವಾ ಇದು, ದೋಣಿ ಏನು?”

“ಸ್ಕೂಟರಪ್ಪಾ. ನಗಬ್ಯಾಡ.”

“ಚಾಲೂ ಮಾಡು. ಆವಾಜ್ ಕೇಳಸು.”

ಫೋನನ್ನು ಇಂಜಿನ್ನಿನ ಹತ್ತಿರ ಹಿಡಿದೆ. ಅಪ್ಪ ಕಣ್ಣು ಮುಚ್ಚಿ ಕೇಳಿ, “ಎಲ್ಲೋ ಕಳ್ಳಗಾಳಿ ಎಳ್ಯಾಕತ್ತೈತಿ” ಎಂದ.

ಕಳ್ಳಗಾಳಿ! ಯಾವುದೋ ಬಿರುಕಿನಿಂದ ಹೆಚ್ಚಿನ ಗಾಳಿ ನುಗ್ಗಿ ಇಂಜಿನ್ ಉಸಿರು ಕಟ್ಟುವುದಕ್ಕೆ ನಮ್ಮ ಅಂಗಡಿಯಲ್ಲಿದ್ದ ಹೆಸರು. ಹೇಗೆ ಮರೆತಿದ್ದೆನೋ. ಕಾರ್ಬೊರೇಟರಿಗೂ ಇಂಜಿನ್ನಿಗೂ ನಡುವಿನ ರಬ್ಬರ್ ಕೊಳವೆಯ ಮೇಲೆ ಸಾಬೂನು ನೀರು ಹನಿಸಿದೆ. ಒಂದು ಕಡೆ ನೀರು ಸುರ್ ಎಂದು ಒಳಹೋಯಿತು, ಸದ್ದೂ ಬದಲಾಯಿತು. ರಬ್ಬರ್ ಒಣಗಿ ಸೀಳಿಹೋಗಿತ್ತು. ಇಂಗ್ರಿಡ್ ಮಗನಿಗೆ ಫೋನ್ ಮಾಡಿ ಹೊಸ ಕೊಳವೆ ತರಲು ಹೇಳಿದರು.

ಶನಿವಾರ ಮಗ ಕೊಳವೆಯನ್ನೂ ತಂದ, ಗುಜರಿಗೆ ಒಯ್ಯುವ ಟ್ರೇಲರನ್ನೂ ತಂದ. ನಂಬಿಕೆ ಇರಲಿಲ್ಲ, ಪಾಪ. ಅಪ್ಪ ಆಗಲೇ ಅಂಗಡಿಯಿಂದ ವಿಡಿಯೋ ಕಾಲಿನಲ್ಲಿ ಹಾಜರಿದ್ದ. ಕೊಳವೆ ಕೂಡಿಸಿ, ದಸರೆಯ ಖಂಡೆಪೂಜೆಯ ದಿನ ಮಾಡುವಂತೆ ಗಾಡಿಯ ಮೂತಿಗೆ ವಿಭೂತಿ ಎಳೆದು, ಜಾರುಪಟ್ಟಿಯಡಿ ನಿಂಬೆಹಣ್ಣಿಟ್ಟೆ. ಹಗ್ಗ ಎಳೆದೆ, ಎದ್ದಿತು. ರೇಸ್ ಕೊಟ್ಟೆ. ಕೆಮ್ಮಿ ನಿಂತರೆ ಕೇಳಿ! ಇಂಗ್ರಿಡ್ ಹತ್ತಿ ಕೂತು, ನಿಂಬೆಹಣ್ಣು ಹಿಚುಕಿಸಿ, ಹೆಪ್ಪುಗಟ್ಟಿದ ಕೆರೆಯ ಮೇಲೆ ದೊಡ್ಡ ಸುತ್ತು ಹಾಕಿ ಬಂದು “ಡುಕ್ತಿಗ್” ಎಂದರು. ನಮ್ಮ ಕಡೆ ಜಾಣೆಯನ್ನು ಹೊಗಳುವ ‘ಹುಷಾರಿ ಅದಾಳ’ ಎನ್ನುವ ಮಾತು ಅದು. ಮಗ ಖಾಲಿ ಟ್ರೇಲರ್ ಎಳೆದುಕೊಂಡು ಹೋದ.

ಆಗ ಫೋನಿನಲ್ಲಿ, ಅಪ್ಪನ ಅಂಗಡಿಯ ಗಿರಾಕಿಯೊಬ್ಬರ ದನಿ ಕೇಳಿಸಿತು: “ನೀವ ಹೇಳಿಕೊಟ್ಟು ಮಾಡಿಸಿದ್ರೇನ್ರಿ?”

ಅಪ್ಪ ಕೈ ಒರೆಸಿಕೊಂಡ.

“ಇಲ್ರಿ, ನನ್ನ ಮಗಳ ಮಾಡ್ಯಾಳ. ನಿಮ್ಮ ಗಾಡಿನೂ ಆಕಿನ ಮಾಡ್ತಿದ್ಲು, ಆ ಪರದೆ ಹಿಂದ ಕುಂತು.”

ನಾನು ಅತ್ತುಬಿಟ್ಟೆ. ಇಂಗ್ರಿಡ್ ಗಾಬರಿಯಾಗಿ ಕಾಫಿ ತಂದರು.

ಮರುವಾರ ಅಪ್ಪ ಒಂದು ಫೋಟೋ ಕಳಿಸಿದ. ಪರದೆ ತೆಗೆಸಿದ್ದ. ಅಂಗಡಿಯ ಮುಂದೆ, ತನ್ನ ಸ್ಟೂಲಿನ ಪಕ್ಕದಲ್ಲಿ ಇನ್ನೊಂದು ಸ್ಟೂಲು. ಕೆಳಗೆ “ಇದು ನಿಂದು” ಎಂದು ಬರೆದಿದ್ದ. ಅದನ್ನು ನೋಡುವಾಗ ನನ್ನ ಕೈಯೆಲ್ಲ ಆಯಿಲ್; ಊರಿನವರ ಎರಡು ಸ್ಕೂತೆರ್‌ಗಳು ನನ್ನ ಬಾಗಿಲಿಗೆ ಬಂದು ನಿಂತಿದ್ದವು. ಇಷ್ಟು ವರ್ಷ ಬೇಡಿದ ಜಾಗ ಸಿಕ್ಕಿದೆ, ಹೋಗಿ ಕೂರಲು ನಾನು ಅಲ್ಲಿಲ್ಲ.