ಬೋಳು ಬಿಡಬಾರದ ಕೈ

ಬೀಪ್, ಬೀಪ್, ಬೀಪ್. ಮೂರು ಸಲ ಕೂಗಿ, ಉಸಿರು ಎಳೆದುಕೊಂಡು ಮತ್ತೆ ಮೂರು ಸಲ. ನಾನೇ ಜೋಡಿಸಿದ ಕಂಪ್ಯೂಟರಿನ ಆ ದನಿ ಸಿಂದಗಿಯ ನಮ್ಮ ಪಡಸಾಲೆಯಲ್ಲಿ ಇನ್ನೂ ಕೇಳಿದಂತಾಗುತ್ತದೆ. ಅಂದು ಸ್ಕ್ರೀನ್ ಮಾತ್ರ ಕಪ್ಪು. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಕಲಿಸಿದ್ದು ನೀಟಾದ ಹ್ಯಾಂಡ್‌ರೈಟಿಂಗ್; ಮದರ್‌ಬೋರ್ಡು ಬಿಚ್ಚುವುದನ್ನು ಎಪ್ಪತ್ತು ದಾಟಿದ ಮೇಲೆ ವಿಡಿಯೋ ನೋಡಿ ಕಲಿತಿದ್ದೆ.

"ಅಕ್ಕೋರ, ನಿಮ್ಮ ಕೂಸಿಗೆ ಹಸಿವ್ಯಾಗೈತಿ ನೋಡ್ರಿ," ಎಂದರು ಆಪಾ.

ಆಪಾ ಎದುರುಮನೆಯವರು, ಮನೆಮನೆಗೆ ಹೋಗಿ ಬಳೆ ತೊಡಿಸಿಯೇ ಮುಪ್ಪಾದವರು. ಅಂದು ಅವರ ಮಡಿಲಲ್ಲಿ ಒಂದು ಕ್ಯಾಸೆಟ್ ಇತ್ತು. ಅದರಲ್ಲಿ ತೀರಿಹೋದ ಅವರ ತಾಯಿಯ ಬೀಸುವ ಪದಗಳು. ಟೇಪು ಎಷ್ಟು ಸವೆದಿತ್ತೆಂದರೆ ಇನ್ನೊಂದು ಸಲ ಓಡಿದರೆ ಹೆಚ್ಚು. ಎರಡು ದಿನ ಬಿಟ್ಟು ಆಪಾ ಮುದ್ದೇಬಿಹಾಳದ ತಂಗಿಯ ಮನೆಗೆ ಇರಲು ಹೋಗುವವರಿದ್ದರು. ಅಷ್ಟರಲ್ಲಿ ಆ ದನಿಯನ್ನು ಪೆನ್‌ಡ್ರೈವಿಗೆ ಹಾಕಿಕೊಡುತ್ತೇನೆಂದು ನಾನು ಪ್ರಾಮಿಸ್ ಮಾಡಿದ್ದೆ.

ಮೊದಲು ಟೇಪ್ ರೆಕಾರ್ಡರನ್ನು ವೈರಿನಿಂದ ಕಂಪ್ಯೂಟರಿಗೆ ಜೋಡಿಸಿ, ಬೇರೊಂದು ಕ್ಯಾಸೆಟ್ ಹಾಕಿ ಟ್ರಯಲ್ ನೋಡಿದಾಗ ಕಂಪ್ಯೂಟರ್ ಅರ್ಧಕ್ಕೇ ಹ್ಯಾಂಗ್ ಆಗಿತ್ತು. ಮೆಮೊರಿ ಸಾಲದಾಯಿತೇನೋ ಎಂದು ಕಂಪ್ಯೂಟರಿನ ಡಬ್ಬಿ ತೆರೆದೆ. ಮೆಮೊರಿ ಪಟ್ಟಿಗೆ ಎರಡು ಜಾಗ, ಕೂತದ್ದು ನಾನು ತಂದ ಹೊಸದೊಂದೇ.

"ಇದೇನ್ರಿ! ಒಂದ ಕೈಗೆ ಬಳಿ, ಇನ್ನೊಂದ ಕೈ ಬೋಳು? ಹಂಗ ಬಿಡಬಾರದ್ರಿ."

ನನಗೂ ಹೌದೆನಿಸಿತು. ಹಳೆಯ ಕಂಪ್ಯೂಟರಿನ ಪಟ್ಟಿಯೊಂದನ್ನು ಕಿತ್ತು ತಂದು ಒತ್ತಿದೆ. ಖಟ್ ಎಂದು ಕೂತಿತು. ಆಗಲೇ ಶುರುವಾದದ್ದು ಈ ಬೀಪ್.

"ಎಲ್ಲಾ ನಿಮ್ಮ ಬಳೆ ಬುದ್ಧಿ, ಆಪಾ."

"ಕಾನ್ವೆಂಟ್ ಬುದ್ಧಿ ಎಲ್ಲಿ ಮೇಯಾಕ ಹೋಗಿತ್ರಿ? ಬಳಿ ಏರಲಿಲ್ಲಂದ್ರ ನಾವು ಎಲ್ಲಾ ತಗದು ಒಂದೊಂದ ಹಾಕಿ ನೋಡ್ತೇವಿ. ನೋಡ್ರಿ ಮತ್ತ."

ಹೊಸ ಪಟ್ಟಿಯೊಂದನ್ನೇ ಹಾಕಿದೆ, ಸ್ಕ್ರೀನ್ ಬಂತು. ಹಳೆಯದೊಂದನ್ನೇ ಹಾಕಿದೆ, ಬಂತು. ಎರಡೂ ಹಾಕಿದರೆ ಬೀಪ್.

"ಇಬ್ರೂ ಒಳ್ಳೇವ್ರ. ಕೂಡಿದ್ರ ಜಗಳ. ನೀವೂ ನಿಮ್ಮ ನಾದಿನೀನೂ ಇದ್ದಂಗ."

ಭೂತಗನ್ನಡಿ ಹಿಡಿದು ಲೇಬಲ್ ಓದಿದೆ. ಹೊಸದು ಚುರುಕು, ಹಳೆಯದು ಮಂದ. ಹೊಸದನ್ನು ತಂದ ಜಂಬಕ್ಕೆ ಸೆಟ್ಟಿಂಗ್ಸ್‌ನಲ್ಲಿ ಅದರ ಫುಲ್ ಸ್ಪೀಡ್ ಇಟ್ಟವಳು ನಾನೇ; ಅದು ಜೊತೆಗಿದ್ದರೆ ಹಳೆಯದೂ ಅದೇ ಸ್ಪೀಡಿಗೆ ಓಡಬೇಕಾಗುತ್ತಿತ್ತು. ಅದನ್ನು ಆಪಾಗೆ ಹೇಳಿದೆ.

ಅವರು ನನ್ನ ಎರಡೂ ಕೈ ಹಿಡಿದು ಗೆಣ್ಣು ಒತ್ತಿ ನೋಡಿದರು. "ಎರಡೂ ಕೈ ಅಳತಿ ಎಂದೂ ಒಂದ ಇರೂದಿಲ್ರಿ ಅಕ್ಕೋರ. ಬಿರುಸ ಕೈಯ ಅಳತಿ ಹಿಡದು ಎರಡಕ್ಕೂ ಬಳಿ ಆರಸ್ತೇವಿ. ಮೆತ್ತನ್ನ ಕೈಗೆ ಒಂಚೂರು ಸಡ್ಲಾಗ್ತೈತಿ. ಆಗವಲ್ದ್ಯಾಕ!"

ಹಳೆಯದನ್ನು ತೆಗೆದು, ಸ್ಪೀಡನ್ನು ಅದರ ಅಳತೆಗೆ ಇಳಿಸಿ, ಮತ್ತೆ ಎರಡನ್ನೂ ಕೂರಿಸಿದೆ. ಒಂದೇ ಒಂದು ಬೀಪ್. ಸ್ಕ್ರೀನ್ ಬೆಳಗಿತು.

ಕ್ಯಾಸೆಟ್ ಕೊನೆಯವರೆಗೂ ಓಡಿತು. ಮೊದಲು ಬೀಸುಕಲ್ಲಿನ ಗರಗರ, ಆಮೇಲೆ ಅದರ ಮೇಲೇರಿದ ಹೆಣ್ಣುದನಿ. ಅಷ್ಟೂ ಹೊತ್ತು ಆಪಾ ಅವರ ಬಲಗೈ ಮೊಣಕಾಲ ಮೇಲೆ ಬೀಸುಕಲ್ಲಿನ ಗೂಟ ಹಿಡಿದಂತೆ ಸುತ್ತುತ್ತಿತ್ತು.

ಎರಡು ದಿನದ ನಂತರ ಅವರನ್ನು ಮುದ್ದೇಬಿಹಾಳದ ಬಸ್ಸಿಗೆ ಹತ್ತಿಸಿದೆ. ಪೆನ್‌ಡ್ರೈವು ಅವರ ಎಲೆಅಡಿಕೆಯ ಚಂಚಿಯೊಳಗೆ, ಸುಣ್ಣದ ಡಬ್ಬಿಯ ಪಕ್ಕದಲ್ಲಿತ್ತು. ಓ ಗಾಡ್, ಸುಣ್ಣ ತಾಗೀತೆಂದು ಬೈದೆ. ಬಸ್ಸು ಹೊರಟಾಗ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೂಗಿದರು:

"ನಮ್ಮವ್ವನ್ನ ನಿಮ್ಮ ಮನ್ಯಾಗೂ ಒಂದ್ ಕಾಪಿ ಇಟ್ಕೋರಿ ಅಕ್ಕೋರ! ಆ ಕಂಪ್ಯೂಟರ್ ಡಬ್ಬಿ ಮಾತ್ರ ಮತ್ತ ಬಿಚ್ಚಬ್ಯಾಡ್ರಿ!"

ನಾನು ಅವರನ್ನು ನೋಡಿದ್ದು ಅದೇ ಕೊನೆ. ಡಬ್ಬಿ ಬಿಚ್ಚಿಲ್ಲ.