ಎರಡನೇ ಸೌಟು

ಮೊನ್ನೆ ಭಾನುವಾರ ಮಧ್ಯಾಹ್ನ ನಮ್ಮ ಯಜಮಾನರು ಸೌತೆಕಾಯಿ ಮಜ್ಜಿಗೆಹುಳಿ ಕಲಸಿಕೊಂಡು ಉಂಡು, ತಟ್ಟೆಯನ್ನು ಮುಂದಕ್ಕೆ ಸರಿಸಿ, "ಇನ್ನೊಂದು ಸೌಟು ಹಾಕು" ಎಂದರು. ಇದರಲ್ಲೇನು ವಿಶೇಷ ಎನ್ನುತ್ತೀರಿ. ನಿಮ್ಮ ಮನೆಯಲ್ಲಿ ಇರಲಿಕ್ಕಿಲ್ಲ. ನಮ್ಮ ಮನೆಯ ಗಂಡಸರು ಬಡಿಸಿದ್ದಷ್ಟನ್ನು ಉಂಡು ಕೈ ತೊಳೆಯುವವರು. ಎರಡನೇ ಸಲ ಕೇಳುವ ಪೈಕಿಯಲ್ಲ. ಇನ್ನೂ ಊಟಕ್ಕೆ ಕೂರದೆ ಕುರ್ಚಿಯಲ್ಲಿ ಒರಗಿದ್ದ ನಮ್ಮ ಅತ್ತೆ ತಲೆಯೆತ್ತಿ ಮಗನನ್ನು ನೋಡಿದರು. ನನ್ನ ಕೈಯ ಸೌಟು ಅಲ್ಲೇ ನಿಂತಿತು. ಯಾಕೆ ಎಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಮಂಚೇನಹಳ್ಳಿಯ ಈ ಮನೆಗೆ ಸೊಸೆಯಾಗಿ ಬಂದಾಗ ಗೌರಿಬಿದನೂರಿನ ಶಾಲೆಯಲ್ಲಿ ವಿಜ್ಞಾನ ಕಲಿಸುವ ಕೆಲಸ ಆಗಷ್ಟೇ ಸಿಕ್ಕಿತ್ತು. ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಮಕ್ಕಳಿಗೆ ಹೇಳಿದ್ದನ್ನು ಸಾಯಂಕಾಲ ಬಂದು ಅತ್ತೆಗೂ ಹೇಳುತ್ತಿದ್ದೆ. ಸೌತೆಕಾಯಿಯಲ್ಲಿ ಬಹುಪಾಲು ನೀರೇ, ಬೇಸಿಗೆಗೆ ಒಳ್ಳೆಯದು, ಪೊಟ್ಯಾಶಿಯಂ ಇದೆ, ನಾರೆಲ್ಲ ಸಿಪ್ಪೆಯಲ್ಲಿದೆ, ಹೆರೆದು ಎಸೆಯಬಾರದು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, "ನೀರು ಕುಡಿಯಾಕೆ ಮನೇಲಿ ಚೊಂಬೈತೆ ಕಣಮ್ಮ, ನನಗೆ ರುಚಿ ಇದ್ರೆ ಸಾಕು" ಎಂದು ಸಿಪ್ಪೆ ಹೆರೆಯುತ್ತಿದ್ದರು. ನಾನು ಮುಖ ಊದಿಸಿಕೊಳ್ಳುತ್ತಿದ್ದೆ. ಕೊನೆಗೆ ಅವರೇ ಒಂದು ರಾಜಿ ಮಾಡಿದರು. ಉದ್ದಕ್ಕೆ ಒಂದು ಪಟ್ಟೆ ಹೆರೆದು ಒಂದು ಪಟ್ಟೆ ಬಿಡುವುದು. "ಇದು ನಿಂದು, ಇದು ನಂದು." ಇವತ್ತಿಗೂ ನಮ್ಮ ಮನೆಯ ಸೌತೆಕಾಯಿಗೆ ಪಟ್ಟೆಯಂಗಿಯೇ.

ತುದಿಯ ವಿಷಯದಲ್ಲಿ ಮಾತ್ರ ಅವರು ರಾಜಿಗೆ ಬರಲಿಲ್ಲ. ತೊಟ್ಟಿನ ಕಡೆ ತುದಿ ಕೊಯ್ದು, ಅದನ್ನು ಕಾಯಿಯ ಮೇಲೆ ಗುಂಡಗೆ ಬಿಳಿ ನೊರೆ ಬರುವವರೆಗೂ ತಿಕ್ಕಬೇಕು. ಆಮೇಲೆ ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ನೋಡಬೇಕು. ತಿಕ್ಕಿದರೆ ಕಹಿ ಹೋಗುವುದಿಲ್ಲ ಎಂದು ನಾನು ಎಷ್ಟು ಸಲ ಪಾಠ ಮಾಡಿದ್ದೇನೋ. ಅವರ ತವರು ಅಂಬಾಜಿದುರ್ಗದ ಕೆಳಗಿನ ಹಳ್ಳಿ. ಆ ಕಡೆಯವರ ಬಾಯಲ್ಲಿ ಕನ್ನಡ ತೆಲುಗು ಜೊತೆಯಾಗೇ ಓಡಾಡುತ್ತವೆ. ಕಾಯಿ ಕಹಿಯಿದ್ದರೆ "ಚೇದು!" ಎಂದು ತೆಲುಗಿನಲ್ಲಿ ತೀರ್ಪು ಕೊಟ್ಟು ಪಕ್ಕಕ್ಕೆ ಎಸೆಯುವರು. ನೈವೇದ್ಯದ ಅಡುಗೆಯನ್ನು ಮೊದಲು ಬಾಯಿಗೆ ಹಾಕಬಾರದಲ್ಲ ಅತ್ತೆ ಎಂದು ಒಮ್ಮೆ ಕೆಣಕಿದ್ದಕ್ಕೆ, "ತುದಿ ದೇವ್ರ ಪಾಲಲ್ಲಮ್ಮ, ಅಡುಗೆಯವಳ ಪಾಲು" ಎಂದಿದ್ದರು.

ಒಂದು ವರ್ಷ ಶಿವರಾತ್ರಿ ಕಳೆದ ಮೇಲೆ ಅತ್ತೆಗೆ ನೆಗಡಿ ಜ್ವರ ಬಂದು ವಾರ ಮಲಗಿದರು. ಜ್ವರ ಬಿಟ್ಟಿತು, ಹೋದ ವಾಸನೆ ರುಚಿ ಬರಲಿಲ್ಲ. ಆದರೆ ಅದನ್ನು ಅವರು ಯಾರಿಗೂ ಹೇಳಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದಾಗ ವಯಸ್ಸಾಯಿತೇನೋ ಎಂದುಕೊಂಡೆ ನಾನು, ಮಹಾ ವಿಜ್ಞಾನದ ಮೇಡಂ.

ಶ್ರೀರಾಮನವಮಿ ಬಂತು. ಪೂಜೆಯಾದ ಮೇಲೆ ಇಡೀ ಬೀದಿಗೆ ಪಾನಕ, ಕೋಸಂಬರಿ ನಮ್ಮ ಮನೆಯಿಂದ. ಅದು ಅತ್ತೆಯ ಕೈರುಚಿಗೆ ಬೀದಿ ಕೊಟ್ಟ ಮರ್ಯಾದೆ. ಅವತ್ತೂ ತುದಿ ತಿಕ್ಕಿದರು, ಬಾಯಿಗೆ ಹಾಕಿಕೊಂಡರು, ತಲೆದೂಗಿದರು. ಎಂದಿನಂತೆ ಮೊದಲ ಎಲೆ ಮಾವನವರಿಗೆ. ಅವರು ಒಂದು ತುತ್ತು ಕೋಸಂಬರಿ ತಿಂದು ಅತ್ತೆಯ ಕಡೆ ನೋಡಿದರು. ಆಮೇಲೆ, "ಇನ್ನೊಂದು ಸೌಟು ಹಾಕು" ಎಂದರು. ಅದು ಮುಗಿದ ಮೇಲೆ ಮತ್ತೊಂದು. ನಾನು ಬೀದಿಯವರಿಗೆಂದು ಪಾತ್ರೆ ಎತ್ತಿಕೊಂಡರೆ, "ಅವ್ರಿಗೆ ಪಾನಕ ಸಾಕಮ್ಮ. ಇದು ನನಗೇ ಇರಲಿ" ಎಂದು ಪಾತ್ರೆಗೆ ಕೈ ಹಾಕಿದರು.

ಅತ್ತೆ ಗಂಡನನ್ನೇ ನೋಡುತ್ತಾ ನಿಂತಿದ್ದರು. "ಮದುವೆ ಆದಾಗಿಂದ ಒಂದ್ಸಲನೂ ಇನ್ನೊಂದ್ಸಲ ಹಾಕು ಅಂದೋರಲ್ಲ ಇವ್ರು," ಎಂದವರು ನನ್ನ ಕಡೆ ತಿರುಗಿ, "ನೀನ್ ತಿಂದು ಹೇಳು" ಎಂದರು.

ತಿಂದೆ. ಹಾಗಲಕಾಯಿಯೇ ವಾಸಿ. "ಚೆನ್ನಾಗಿದೆ ಅತ್ತೆ" ಎಂದೆ.

"ಬಾಯಿ ಸುಳ್ಳು ಹೇಳ್ತೈತೆ ಕಣಮ್ಮ, ಮುಖ ಹೇಳ್ತಿಲ್ಲ," ಎಂದು ಚಾಕನ್ನು ಕಟ್ಟೆಯ ಮೇಲಿಟ್ಟು ಹೊರಗೆ ಹೋದರು. ಮಾವನವರು ಸಾಯಂಕಾಲದವರೆಗೆ ಹೊಟ್ಟೆ ಹಿಡಿದುಕೊಂಡು ಮಲಗಿದ್ದರು. ಅಷ್ಟು ಕಹಿಯನ್ನು ತಿನ್ನಬಾರದು ಎಂದು ಗೊತ್ತಿದ್ದೂ ನಾನು ತಡೆಯಲಿಲ್ಲವಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ ಅತ್ತೆ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಬಡಿಸಿದ್ದನ್ನು ಉಂಡು ಜಗಲಿಗೆ ಹೋಗುವರು, ನೆಂಟರ ಮನೆಗೆ ಬಂದವರ ಹಾಗೆ. ಆ ಅಡುಗೆಮನೆ ನನ್ನದಾಗಲಿ ಎಂದು ನಾನು ಒಳಗೊಳಗೇ ಆಸೆಪಟ್ಟಿದ್ದುಂಟು, ಸುಳ್ಳೇಕೆ ಹೇಳಲಿ. ಆದರೆ ಅವರಿಲ್ಲದ ಆ ಅಡುಗೆಮನೆಯಲ್ಲಿ ನನಗೆ ಒಗ್ಗರಣೆಯೂ ಸರಿಯಾಗಿ ಸಿಡಿಯುತ್ತಿರಲಿಲ್ಲ. ಹತ್ತನೆಯ ದಿನವೋ ಏನೋ, ಒಂದು ಸೌತೆಕಾಯಿ, ಚಾಕು ಹಿಡಿದು ಜಗಲಿಗೆ ಹೋಗಿ, "ನನಗೆ ತಿಕ್ಕೋಕೆ ಬರಲ್ಲ ಅತ್ತೆ. ನೀವು ತಿಕ್ಕಿ ಕೊಡಿ, ಬಾಯಿಗೆ ನಾನು ಹಾಕ್ಕೋತೀನಿ" ಎಂದೆ.

"ತಿಕ್ಕಿದ್ರೆ ಏನೂ ಆಗಲ್ಲ ಅಂತಿದ್ದೆ?"

"ಅದು ಸ್ಕೂಲಲ್ಲಿ."

ಅವರ ಮುಖ ಸ್ವಲ್ಪ ಸಡಿಲವಾಯಿತು. ಅವತ್ತಿನಿಂದ ನಮ್ಮ ಮನೆಯಲ್ಲಿ ತಿಕ್ಕುವ ಕೈ ಅವರದು, ನೋಡುವ ನಾಲಿಗೆ ನನ್ನದು. ಮಾವನವರು ತೀರಿಕೊಂಡು ವರ್ಷಗಳಾದವು. ಈ ಪದ್ಧತಿ ನಡೆದೇ ಬಂದಿದೆ.

ಮೊನ್ನೆ ಭಾನುವಾರ ಮಾತ್ರ ತಪ್ಪಿತು. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವ ಅವಸರದಲ್ಲಿ ನಾನೊಬ್ಬಳೇ ಕಾಯಿ ಹೆಚ್ಚಿ ಕುಕ್ಕರಿಗೆ ಹಾಕಿದ್ದೆ, ತಿಕ್ಕಿಸದೆ, ತುದಿ ನೋಡದೆ.

"ತಡಿಯಮ್ಮ, ಹಾಕ್ಬೇಡ," ಎಂದರು ಅತ್ತೆ. "ಇವ್ನು ಅವರಪ್ಪನ ಥರ ಕೇಳ್ತಾ ಇದಾನೆ. ನೀನ್ ನೋಡು ಮೊದ್ಲು."

ಸೌಟಿನ ಅಂಚಿನಿಂದಲೇ ಒಂದು ಹನಿ ನಾಲಿಗೆಗೆ ಮುಟ್ಟಿಸಿಕೊಂಡೆ. ಈ ಸಲ ಸುಳ್ಳು ಹೇಳಲಿಲ್ಲ. "ಚೇದು ಅತ್ತೆ."

"ಚೆನ್ನಾಗಿದೆ ಅಂತ ನಾನೆಲ್ಲಿ ಅಂದೆ? ಹಾಕು ಅಂದೆ, ಅಷ್ಟೇ," ಎಂದರು ಯಜಮಾನರು, ಸಿಕ್ಕಿಬಿದ್ದವರ ಹಾಗೆ. ತಟ್ಟೆಯನ್ನು ಅವರ ಮುಂದಿನಿಂದ ತೆಗೆದುಬಿಟ್ಟೆ. ಅತ್ತೆ ಕೆಮ್ಮು ಬರುವಷ್ಟು ನಕ್ಕರು. ರುಚಿಯೇ ತಿಳಿಯದ ಹೆಂಗಸು ಕೂತಲ್ಲಿಂದಲೇ ನನ್ನ ಪಾತ್ರೆಯ ಕಹಿ ಹಿಡಿದಿದ್ದರು. ನನಗೆ ನಗುವೂ ಬಂತು, ಕಣ್ಣೂ ತುಂಬಿತು.

"ಇನ್ನೊಂದು ಕಾಯಿ ಐತಾ? ತಗೊಂಬಾ ಇಲ್ಲಿ."

ತಂದುಕೊಟ್ಟೆ. ಮಡಿಲಲ್ಲಿಟ್ಟುಕೊಂಡು ತುದಿ ಕೊಯ್ದು, ನಿಧಾನವಾಗಿ ತಿಕ್ಕಿದರು. ನೊರೆ ಬಂತು. ಒಂದು ಚೂರು ಕೊಯ್ದು ನನ್ನ ಬಾಯಿಯ ಹತ್ತಿರ ಹಿಡಿದು, ನನ್ನ ಮುಖವನ್ನೇ ನೋಡುತ್ತಾ ಕಾದರು.

"ಸಿಹಿ ಅತ್ತೆ" ಎಂದೆ.

"ಹ್ಞೂಂ, ಹಂಗಾದ್ರೆ ಹೆಚ್ಚು," ಎಂದು ಚಾಕನ್ನು ನನ್ನ ಕೈಗೆ ಕೊಟ್ಟರು.