ನೆಗ್ಗಿದ ಕೊಡ

ನನಗೆ ಎಂಟನೆಯ ವಯಸ್ಸಿನಿಂದ ಮೂರ್ಛೆ ಬರುತ್ತಿತ್ತು. ಅದಕ್ಕೇ ಅವ್ವ ನನ್ನನ್ನು ಬಾವಿಗೆ ಇಳಿಯಗೊಡುತ್ತಿರಲಿಲ್ಲ. ಅರವತ್ತರ ದಶಕದ ಮೊದಲ ವರ್ಷಗಳವು. ಸಿಂದಗಿಯಿಂದ ಆಲಮೇಲಕ್ಕೆ ಹೋಗುವ ಹಾದಿಯ ನಮ್ಮೂರಿಗೆ ಕುಡಿಯುವ ನೀರೆಂದರೆ ಒಂದೇ ಮೆಟ್ಟಿಲ ಬಾವಿ. ಓರಗೆಯ ಹುಡುಗಿಯರು ಒಂದು ಕೊಡ ಹಿಡಿದು ಇಳಿದರೆ ನಾನು ಮೇಲೆ ಕಟ್ಟೆಯಲ್ಲಿ ಕೂತು ಅವರ ಉಳಿದ ಬರಿಗೊಡಗಳನ್ನು ಕಾಯುತ್ತಿದ್ದೆ. ಹದಿಮೂರು ವರ್ಷದವಳಿಗೆ ಎಂಥ ಘನವಾದ ಉದ್ಯೋಗ!

"ಕಟ್ಟಿ ಬಿಟ್ಟು ಒಂದ ಪಾವಟಿಗಿ ಕೆಳಗ ಇಳದೀ ಅಂದ್ರ ಕಾಲ ಮುರಿತೇನಿ ನೋಡು" ಎಂದು ಅವ್ವ ದಿನಾ ಹೇಳಿ ಕಳಿಸುತ್ತಿದ್ದಳು.

ಊರಿಗೆಲ್ಲ ನನ್ನೊಬ್ಬಳದೇ ಚಿಂತೆ. ಉಳಿದ ಹುಡುಗಿಯರಿಗೂ ಈಜು ಬಾರದೆಂಬುದು ಯಾರ ತಲೆಗೂ ಹೊಳೆದಿರಲಿಲ್ಲ. ಬೇಸಿಗೆಯಲ್ಲಿ ಅಪ್ಪಂದಿರು ಗಂಡುಹುಡುಗರ ಬೆನ್ನಿಗೆ ಒಣಗಿದ ಕುಂಬಳಕಾಯಿ ಕಟ್ಟಿ, ತೋಟದ ಬಾವಿಗೆ ನೂಕಿ, ಈಜು ಕಲಿಸುತ್ತಿದ್ದರು. ಈಜು ಕಲಿತ ಅವರು ಶಾಲೆಗೆ ಹೋಗುತ್ತಿದ್ದರು. ಪಾಚಿಗಟ್ಟಿದ ಮೆಟ್ಟಿಲನ್ನು ದಿನಕ್ಕೆ ಐದಾರು ಸಲ ಇಳಿಯುತ್ತಿದ್ದವರು ಹುಡುಗಿಯರು.

ಮೂರ್ಛೆಯ ಹೆದರಿಕೆಗೆ, ಕೊಡ ಇಟ್ಟು ಹೋಗುವುದು ಬಿಟ್ಟರೆ, ಹುಡುಗಿಯರು ನನ್ನ ಹತ್ತಿರ ಸುಳಿಯುತ್ತಿರಲಿಲ್ಲ. ಹಿಂದಿನ ಓಣಿಯ ಒಬ್ಬಳು ಮಾತ್ರ ನಮ್ಮ ಮನೆಯ ಮುಂದೆ ನಿಂತು ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ನೀರು ತುಂಬಿದ ಮೇಲೆ ನನ್ನ ಪಕ್ಕ ಕೂತು ಉಡಿಯಲ್ಲಿನ ಶೇಂಗಾ ಕೊಡುತ್ತಿದ್ದಳು. ನನಗಿದ್ದವಳು ಅವಳೊಬ್ಬಳೇ.

ಒಂದು ಮಧ್ಯಾಹ್ನ ಬಾವಿಯ ಹತ್ತಿರ ನಾವಿಬ್ಬರೇ ಇದ್ದೆವು. ಅವಳು ಒಂದು ಬರಿಗೊಡ ನನ್ನ ಹತ್ತಿರ ಇಟ್ಟು, ಇನ್ನೊಂದನ್ನು ತುಂಬಲು ಇಳಿದಳು. ಕಾಲು ಜಾರಿದ ಸದ್ದೂ ಆಗಲಿಲ್ಲ. ನೋಡಿದರೆ ಅವಳ ಜಡೆ ನೀರಿನ ಮೇಲಿತ್ತು, ಮುಖವಿರಲಿಲ್ಲ.

ಕುಂಬಳಕಾಯಿ ತೇಲಿದರೆ ಬರಿಗೊಡವೂ ತೇಲುತ್ತದಲ್ಲ! ಕೊಡ ಎತ್ತಿಕೊಂಡು, ಅವ್ವನ ಮಾತು ಮೀರಿ, ಅರ್ಧದಷ್ಟು ಮೆಟ್ಟಿಲುಗಳನ್ನು ಓಡಿ ಇಳಿದು ಬೀಸಿ ಒಗೆದೆ. ಅದು ಕಲ್ಲಿಗೆ ಬಡಿದು, ನೆಗ್ಗಿ, ಉರುಳಿ ನೀರಿಗೆ ಬಿತ್ತು. ಅವಳ ಕೈ ಮೇಲೆ ಬಂದು ಅದನ್ನು ಹಿಡಿಯಿತು. ನಾನು ಗಂಟಲು ಹರಿಯುವಂತೆ ಕೂಗಿದೆ. ಹೊಲದಲ್ಲಿದ್ದ ಗಂಡಸರು ಓಡಿಬಂದು ಅವಳನ್ನು ಮೇಲೆಳೆದು ಹಾಕಿದರು. ಬದುಕಿಕೊಂಡಳು.

ಸಂಜೆ ಅವಳ ತಾಯಿ ನಮ್ಮ ಮನೆಗೆ ಬಂದಳು. ಹೊಗಳುತ್ತಾಳೆಂದು ನಾನು ತಲೆ ಬಾಚಿಕೊಂಡು ಬಂದು ನಿಂತೆ.

"ತಪ್ಪ ತಿಳ್ಕೋಬ್ಯಾಡ್ರಿ ಅಕ್ಕಾರ, ನಿಮ್ಮ ಹುಡುಗಿನ್ನ ಬಾವಿ ಕಡಿ ಬಿಡಬ್ಯಾಡ್ರಿ" ಎಂದಳು ಆಕೆ. "ಮೂರ್ಛಿ ಬರೂ ಹುಡುಗಿ ಕಟ್ಟಿ ಮ್ಯಾಲ ಕುಂತಿದ್ದಕ್ಕ ಹಿಂಗಾತು, ಈಕಿ ಅಲ್ಲಿ ಕುಂದರೂದ ಛಲೋ ಅಲ್ಲ. ನನ್ನ ಮಗಳಿಗೂ ಹೇಳೇನಿ, ಈ ಹಾದಿಗೆ ಬರಬ್ಯಾಡ ಅಂತ."

ಜಗಳಕ್ಕೆ ಹೆಸರಾದ ನನ್ನ ಅವ್ವ, "ಹೌದ್ರಿ" ಎಂದಳು. ನನಗೆ ಮೈಯೆಲ್ಲ ಉರಿಯಿತು.

"ಬಿದ್ದಾಕಿ ಆಕಿ. ಆಕಿಗೆ ಈಸಾಕ ಕಲಸ್ರಿ!" ಎಂದೆ.

"ಹೆಣ್ಣಹುಡುಗ್ಯಾರು ಎಲ್ಲ್ಯಾರ ಈಸ ಬೀಳ್ತಾರೇನವ್ವ?" ಎಂದು ಆಕೆ ನಿಜವಾಗಿಯೂ ಆಶ್ಚರ್ಯಪಟ್ಟಳು.

ಎರಡು ದಿನ ಬಿಟ್ಟು ಅದೇ ಕೊಡಗಳನ್ನು ಕೊಟ್ಟು ನನ್ನ ಗೆಳತಿಯನ್ನು ಅದೇ ಬಾವಿಗೆ ಕಳಿಸಿದರು. ಅವಳು ಸುತ್ತಿನ ಹಾದಿ ಹಿಡಿದಳು. ನಮ್ಮ ಹೊಸ್ತಿಲಲ್ಲಿ ಕೂತರೆ ಓಣಿಯ ತುದಿಯಲ್ಲಿ ಆ ನೆಗ್ಗಿದ ಕೊಡವಷ್ಟೇ ಒಂದು ಕ್ಷಣ ಕಾಣುತ್ತಿತ್ತು. ಅವಳು ಇತ್ತ ತಿರುಗುತ್ತಿರಲಿಲ್ಲ. ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು. ಆದರೂ ಅವಳು ಮರಳಿ ಬರುವತನಕ ನಾನು ಒಳಗೆ ಹೋಗುತ್ತಿರಲಿಲ್ಲ. ತುಸು ತಡವಾದರೂ ಹೊಸ್ತಿಲು ದಾಟಿ ನಿಂತು ಓಣಿಯ ತುದಿ ನೋಡುತ್ತಿದ್ದೆ. ಬಾವಿಯ ಕಟ್ಟೆಯ ಮೇಲೆ ಈಗ ಯಾರೂ ಕೂತಿರಲಿಲ್ಲ.